ಸಾರ್ವಜನಿಕ ಎಪಿಐ ಮಾಹಿತಿಯನ್ನು ತೋರಿಸುವ ರಿಯಾಕ್ಟ್ ಆ್ಯಪ್: ಕಾಂಪೊನೆಂಟ್‌ಗಳನ್ನು ಎಲ್ಲಿ ಬೇರ್ಪಡಿಸಬೇಕು, ಮಾಹಿತಿ ಎಲ್ಲಿರಬೇಕು?

ನೆಲನಕ್ಷೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್ ಮುಕ್ತವಾಗಿ ಒದಗಿಸುವ ಭೂಕಂಪಗಳ ಫೀಡ್ ಅನ್ನು ಓದಿ ತೋರಿಸುವ ಒಂದು ವೆಬ್ ಆ್ಯಪ್ ಅನ್ನು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಕಟ್ಟುತ್ತಿದ್ದೇನೆ. ಈ ಫೀಡ್ ಒಂದು ಎಪಿಐ, ಎಂದರೆ ಬೇರೆ ಪ್ರೋಗ್ರಾಂಗಳು ಮಾಹಿತಿ ಕೇಳಿ ಪಡೆಯುವ ಸೌಲಭ್ಯ; ಇದಕ್ಕೆ ಎಪಿಐ ಕೀ (ಬಳಸುವವರನ್ನು ಗುರುತಿಸುವ ಗುಟ್ಟಿನ ಸಂಕೇತ) ಬೇಕಿಲ್ಲ. ಕಳೆದ ಒಂದು ಗಂಟೆ, ಒಂದು ದಿನ, 7 ದಿನ, 30 ದಿನ ಎಂಬ ನಾಲ್ಕು ಅವಧಿಗಳಿವೆ. ಪ್ರತಿ ಅವಧಿಯಲ್ಲೂ ಎಲ್ಲ ಕಂಪನಗಳು, 1.0ರಿಂದ ಮೇಲಿನವು, 2.5ರಿಂದ ಮೇಲಿನವು, 4.5ರಿಂದ ಮೇಲಿನವು, ಮಹತ್ವದವು ಎಂಬ ಐದು ವಿಭಾಗಗಳಿದ್ದು, ಒಂದೊಂದಕ್ಕೂ ಪ್ರತ್ಯೇಕ ವಿಳಾಸವಿದೆ. ಉತ್ತರ ಜಿಯೋಜೇಸನ್ ರೂಪದಲ್ಲಿ, ಎಂದರೆ ಸ್ಥಳಗಳ ಮಾಹಿತಿಯನ್ನು ಜೇಸನ್ ಪಠ್ಯವಾಗಿ ಬರೆಯುವ ರೂಪದಲ್ಲಿ, ಬರುತ್ತದೆ.

ಪುಟದಲ್ಲಿ ನಾಲ್ಕು ಭಾಗಗಳಿವೆ: ಮೇಲೆ ಅವಧಿಯನ್ನೂ ತೀವ್ರತೆಯನ್ನೂ ಆರಿಸುವ ಪಟ್ಟಿ, ಎಡಕ್ಕೆ ಕಂಪನಗಳ ಸಾಲುಗಳು, ಬಲಕ್ಕೆ ಲೀಫ್‌ಲೆಟ್ ಎಂಬ ಲೈಬ್ರರಿ ಬಳಸಿದ ನಕ್ಷೆ, ಯಾವುದಾದರೂ ಸಾಲನ್ನು ಒತ್ತಿದಾಗ ಕೆಳಗೆ ತೆರೆದುಕೊಳ್ಳುವ ವಿವರ. ಸದ್ಯಕ್ಕೆ ಎಲ್ಲವೂ ಒಂದೇ ಕಾಂಪೊನೆಂಟ್‌ನಲ್ಲಿ (ಪುಟದ ಒಂದು ಭಾಗವನ್ನು ರಚಿಸುವ ಕೋಡ್‌ನ ತುಣುಕು) ಇವೆ. ಇದನ್ನು ಬೇರ್ಪಡಿಸಲು ಹೊರಟಾಗ ಎದುರಾದ ಪ್ರಶ್ನೆಗಳು ಇವು. ಮಾಹಿತಿಯನ್ನು ತರುವ ಕೆಲಸವನ್ನು ಆಯಾ ಕಾಂಪೊನೆಂಟ್‌ಗೇ ಬಿಡಬೇಕೇ ಅಥವಾ ಮೇಲಿನ ಒಂದು ಕಡೆ ತಂದು ಪ್ರಾಪ್ಸ್ (ಮೇಲಿನ ಕಾಂಪೊನೆಂಟ್ ಕೆಳಗಿನದಕ್ಕೆ ಕೊಡುವ ಮಾಹಿತಿ) ಮೂಲಕ ಇಳಿಸಬೇಕೇ? ಎಪಿಐಯಿಂದ ಬಂದದ್ದನ್ನು ಬಂದ ಹಾಗೆಯೇ ಕೆಳಗಿನ ಕಾಂಪೊನೆಂಟ್‌ಗಳಿಗೆ ಕೊಡುವುದು ಸರಿಯೇ? ಇದಲ್ಲದೆ, ಕೆಲವೊಮ್ಮೆ 30 ದಿನಗಳ ಫೀಡ್ ಆರಿಸಿದಾಗ ಇಡೀ ಪುಟವೇ ಬಿಳಿಯಾಗುತ್ತದೆ. ಒಂದು ದಿನದ ಫೀಡ್‌ನಲ್ಲಿ ಇದುವರೆಗೆ ಹಾಗಾಗಿಲ್ಲ. ಬಲ್ಲವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಹೊಸ್ತಿಲು ಬರೆದದ್ದು:

ನೆಲನಕ್ಷೆ ಅವರೇ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎರಡಕ್ಕೂ ಉತ್ತರ ಅದರಲ್ಲಿಯೇ ಇದೆ.

ಯುಎಸ್‌ಜಿಎಸ್ ಫೀಡ್‌ನಲ್ಲಿ ಪ್ರತಿ ಕಂಪನದ ತೀವ್ರತೆಯೂ ಸಂಖ್ಯೆಯಾಗಿಯೇ ಇರುತ್ತದೆಂದು ನಂಬುವಂತಿಲ್ಲ. ಅಪರೂಪಕ್ಕೆ ಆ ಜಾಗದಲ್ಲಿ ನಲ್, ಎಂದರೆ ಬೆಲೆಯೇ ಇಲ್ಲವೆಂಬ ಗುರುತು, ಬರುತ್ತದೆ. ಸಾವಿರಾರು ದಾಖಲೆಗಳಿರುವ 30 ದಿನಗಳ ಫೀಡ್‌ನಲ್ಲಿ ಅಂಥದೊಂದು ಸಿಗುವ ಸಂಭವ ಒಂದು ದಿನದ ಫೀಡ್‌ಗಿಂತ ಸಹಜವಾಗಿಯೇ ಹೆಚ್ಚು. ನಿಮ್ಮ ಸಾಲಿನ ಕೋಡ್ ತೀವ್ರತೆಯನ್ನು ಒಂದು ದಶಮಾಂಶಕ್ಕೆ ತೋರಿಸಲು ಟುಫಿಕ್ಸ್ಡ್ ಎಂಬ ಸಂಖ್ಯೆಗಳ ಫಂಕ್ಷನ್ ಅನ್ನು ಕರೆಯುತ್ತಿದ್ದರೆ, ನಲ್ ಮೇಲೆ ಆ ಕರೆ ಬಿದ್ದ ಕೂಡಲೇ ಟೈಪ್‌ಎರರ್ ಏಳುತ್ತದೆ. 2017ರಲ್ಲಿ ಬಂದ ರಿಯಾಕ್ಟ್ 16ರಿಂದ ಈಚೆಗೆ, ರೆಂಡರ್ ಆಗುವಾಗ, ಎಂದರೆ ಪುಟದ ರೂಪ ತಯಾರಾಗುವಾಗ, ಎದ್ದ ಎರರ್ ಅನ್ನು ಯಾವ ಎರರ್ ಬೌಂಡರಿಯೂ (ಎರರ್ ಹಿಡಿಯಲೆಂದೇ ಇಟ್ಟ ಕಾಂಪೊನೆಂಟ್) ಹಿಡಿಯದಿದ್ದರೆ ರಿಯಾಕ್ಟ್ ಇಡೀ ಕಾಂಪೊನೆಂಟ್ ವೃಕ್ಷವನ್ನೇ ಕಳಚಿಹಾಕುತ್ತದೆ. ಸಾವಿರಾರು ಸಾಲುಗಳಲ್ಲಿ ಒಂದರ ಒಂದು ಗುಣ ನಲ್ ಆದರೆ ಸಾಕು, ನಕ್ಷೆ, ಪಟ್ಟಿ, ಆಯ್ಕೆಗಳು ಎಲ್ಲವೂ ಒಟ್ಟಿಗೆ ಮಾಯವಾಗುತ್ತವೆ. ಬ್ರೌಸರ್ ಕನ್ಸೋಲ್ ತೆರೆದು ನೋಡಿದರೆ ನಿಮ್ಮ ಬಿಳಿ ಪುಟದ ಕಾರಣ ಇದೇ ಹೌದೋ ಅಲ್ಲವೋ ಖಚಿತವಾಗುತ್ತದೆ.

ಇದಕ್ಕೆ ಸಾಲಿನ ಕಾಂಪೊನೆಂಟ್‌ನಲ್ಲಿ, ನಲ್ ಇದ್ದಾಗ ಆ ಕರೆಯನ್ನೇ ಬಿಟ್ಟುಬಿಡುವಂತೆ ಮಾಡುವ ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿ ಮುಂದೆ ಹೋಗಬಹುದು. ಆದರೆ ಅದೇ ತೀವ್ರತೆಯನ್ನು ನಕ್ಷೆ ವೃತ್ತದ ಗಾತ್ರಕ್ಕೆ ಬಳಸುತ್ತದೆ, ವಿವರದ ಭಾಗ ಬಳಸುತ್ತದೆ, ವಿಂಗಡಣೆ ಬಳಸುತ್ತದೆ. ವಿಂಗಡಣೆಯಲ್ಲಿ ಎರರ್ ಕೂಡ ಏಳುವುದಿಲ್ಲ. ಕಳೆಯುವ ಲೆಕ್ಕದಲ್ಲಿ ಜಾವಾಸ್ಕ್ರಿಪ್ಟ್ ನಲ್ ಅನ್ನು ಸೊನ್ನೆಯೆಂದೇ ಪರಿಗಣಿಸುತ್ತದೆ; ಅತಿ ಸಣ್ಣ ಕಂಪನಗಳ ತೀವ್ರತೆ ಋಣಸಂಖ್ಯೆಯಾಗಿರುವುದೂ ಉಂಟು; ಹಾಗಾಗಿ ತೀವ್ರತೆ ತಿಳಿಯದ ಕಂಪನವು ಮೈನಸ್ 0.3ಕ್ಕೂ 0.4ಕ್ಕೂ ನಡುವೆ ಹೋಗಿ ಸದ್ದಿಲ್ಲದೆ ಕೂರುತ್ತದೆ. ಯಾರ ಕಣ್ಣಿಗೂ ಬೀಳದ ಈ ತಪ್ಪು ಬಿಳಿ ಪುಟಕ್ಕಿಂತ ಕೆಟ್ಟದ್ದೆಂದು ನಾನು ಭಾವಿಸುತ್ತೇನೆ, ಏಕೆಂದರೆ ನೋಡುವವರು ಅದನ್ನು ನಿಜವೆಂದೇ ನಂಬುತ್ತಾರೆ.

ಆದ್ದರಿಂದ ನನ್ನ ಸಲಹೆ: ಕಾಂಪೊನೆಂಟ್‌ಗಳನ್ನು ಬೇರ್ಪಡಿಸುವ ಮೊದಲು, ಹೊರಗಿನ ಮಾಹಿತಿ ನಿಮ್ಮ ಆ್ಯಪ್‌ನ ಒಳಗೆ ಬರುವ ಜಾಗವನ್ನು ಒಂದೇ ಒಂದು ಮಾಡಿ. ಅಲ್ಲಿ ಒಂದು ಸಾದಾ ಫಂಕ್ಷನ್ ಇರಲಿ, ರಿಯಾಕ್ಟ್‌ನ ಸೋಂಕೇ ಇಲ್ಲದ್ದು. ಅದು ಜಿಯೋಜೇಸನ್‌ನ ಒಂದು ಫೀಚರ್ ಅನ್ನು (ಇಲ್ಲಿ ಒಂದು ಕಂಪನದ ದಾಖಲೆ) ತೆಗೆದುಕೊಂಡು ನಿಮ್ಮ ಆ್ಯಪ್‌ಗೆ ಬೇಕಾದ ಆಕಾರದ ಒಂದು ಆಬ್ಜೆಕ್ಟ್ ಕೊಡಬೇಕು: ಐಡಿ, ತೀವ್ರತೆ ಅಥವಾ ತೀವ್ರತೆ ತಿಳಿದಿಲ್ಲವೆಂಬ ಸ್ಪಷ್ಟ ಗುರುತು, ಸ್ಥಳ, ಸಮಯ, ಅಕ್ಷಾಂಶ, ರೇಖಾಂಶ, ಆಳ, ಪ್ರಕಾರ, ಪರಿಶೀಲನೆಯ ಸ್ಥಿತಿ.

ಅಕ್ಷಾಂಶ ರೇಖಾಂಶಗಳನ್ನು ಬೇರೆ ಬೇರೆ ಹೆಸರಿನಲ್ಲಿಯೇ ಇಡಬೇಕೆಂದು ಒತ್ತಿ ಹೇಳುತ್ತೇನೆ. ಜಿಯೋಜೇಸನ್‌ನ ಮಾನದಂಡವಾದ 2016ರ ಆರ್‌ಎಫ್‌ಸಿ 7946ರ ಪ್ರಕಾರ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಯುಎಸ್‌ಜಿಎಸ್ ಮೂರನೆಯದಾಗಿ ಆಳವನ್ನು ಕಿಲೋಮೀಟರ್‌ಗಳಲ್ಲಿ ಕೊಡುತ್ತದೆ. ಲೀಫ್‌ಲೆಟ್‌ನ ಮಾರ್ಕರ್‌ಗೆ ಅಕ್ಷಾಂಶವೇ ಮೊದಲು ಬೇಕು. ಅರೇಯನ್ನು ಹಾಗೆಯೇ ಕೊಟ್ಟರೆ ಬಿಂದುಗಳು ಬೇರೆಯೇ ಖಂಡದಲ್ಲೋ ಸಮುದ್ರದ ನಡುವೆಯೋ ಬೀಳುತ್ತವೆ. ಆಳದ ವಿಷಯದಲ್ಲಿಯೂ ಅಷ್ಟೇ, ಅರೇಯ ಮೂರನೆಯ ಸ್ಥಾನದಲ್ಲಿರುವುದು ಏನೆಂದು ಆರು ತಿಂಗಳ ನಂತರ ಕೋಡ್ ಓದುವವರಿಗೆ ಹೊಳೆಯುವುದಿಲ್ಲ. ಪ್ರಕಾರವನ್ನೂ ಮರೆಯಬೇಡಿ: ಈ ಫೀಡ್‌ನಲ್ಲಿ ಬರುವುದೆಲ್ಲ ಭೂಕಂಪವಲ್ಲ, ಕಲ್ಲುಗಣಿಯ ಸ್ಫೋಟಗಳೂ ಅದರಲ್ಲಿ ಇರುತ್ತವೆ, ಅವುಗಳ ಟೈಪ್ ಬೇರೆ.

ಮೊದಲ ಪ್ರಶ್ನೆಗೆ ಉತ್ತರ ಈಗ ಚಿಕ್ಕದು. ಪಟ್ಟಿ, ನಕ್ಷೆ, ವಿವರ ಮೂರೂ ಒಂದೇ ಉತ್ತರದ ಮೂರು ನೋಟಗಳಾದ್ದರಿಂದ ಮೂವರಿಗೂ ಸಮಾನ ಪೂರ್ವಜನಾದ ಪುಟದ ಕಾಂಪೊನೆಂಟ್‌ನಲ್ಲಿ ಮಾಹಿತಿಯನ್ನು ಒಮ್ಮೆ ತನ್ನಿ. ಕೆಳಗಿನವು ಪ್ರಾಪ್ಸ್‌ನಲ್ಲಿ ಬಂದದ್ದನ್ನು ತೋರಿಸಲಿ.

ಸರಳರೇಖೆ ಬರೆದದ್ದು:

ಹೊಸ್ತಿಲು ಅವರ ವಿವರಣೆ ಉಪಯುಕ್ತವಾಗಿದೆ, ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬಯಸುತ್ತೇನೆ. ಕಲಿಯುತ್ತಿರುವವರು ಕಟ್ಟುವ ಚಿಕ್ಕ ಆ್ಯಪ್‌ಗೆ ಆರಂಭದಲ್ಲಿಯೇ ರೂಪಾಂತರದ ಪದರ, ಟೈಪ್‌ಗಳ ಪದರ, ಹುಕ್‌ಗಳ ಪದರ ಎಂದು ಪದರದ ಮೇಲೆ ಪದರ ಸೇರಿಸುತ್ತ ಹೋದರೆ, ಒಂದು ಗುಣವನ್ನು ಹೊಸದಾಗಿ ತೋರಿಸಬೇಕೆಂದಾಗ ನಾಲ್ಕು ಫೈಲ್‌ಗಳನ್ನು ತಿದ್ದಬೇಕಾಗುತ್ತದೆ. ಪದರಗಳು ಯಾವ ತೊಂದರೆಯನ್ನು ನಿವಾರಿಸಲು ಹುಟ್ಟಿದವೋ ಆ ತೊಂದರೆಯನ್ನು ಕಾಣುವ ಮೊದಲೇ ಪದರಗಳನ್ನು ಕಲಿತವರು, ಮುಂದೆ ಎಲ್ಲಿ ಅವು ಬೇಡವೆಂದು ನಿರ್ಧರಿಸಲಾರರು.

ಕಾಂಪೊನೆಂಟ್‌ಗಳ ವಿಷಯದಲ್ಲಿಯೂ ಇದೇ ಮಾತು. ಬಟನ್‌ಗೊಂದು, ಶೀರ್ಷಿಕೆಗೊಂದು, ಬ್ಯಾಡ್ಜ್‌ಗೊಂದು ಎಂದು ಕಾಂಪೊನೆಂಟ್ ಮಾಡುತ್ತ ಹೋದರೆ ಓದುವವರು ಫೈಲ್‌ನಿಂದ ಫೈಲ್‌ಗೆ ಅಲೆಯಬೇಕಾಗುತ್ತದೆ. ನಾನು ಪಾಲಿಸುವ ನಿಯಮ ಹೀಗಿದೆ: ಒಂದು ತುಣುಕು ತನ್ನದೇ ಸ್ಟೇಟ್ (ನೆನಪಿಟ್ಟುಕೊಳ್ಳುವ, ಬದಲಾಗಬಲ್ಲ ಮಾಹಿತಿ) ಹೊಂದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಕಡೆ ಬಳಕೆಯಾಗುತ್ತಿದ್ದರೆ, ಅಥವಾ ಅದರ ಹೆಸರು ಹೇಳಿದರೆ ಒಳಗೇನಿದೆಯೆಂದು ನೋಡದೆಯೂ ತಿಳಿಯುವಂತಿದ್ದರೆ ಮಾತ್ರ ಅದನ್ನು ಬೇರೆ ಮಾಡುತ್ತೇನೆ. ಈ ಆ್ಯಪ್‌ನಲ್ಲಿ ಅಂಥವು ಆಯ್ಕೆಪಟ್ಟಿ, ಕಂಪನಗಳ ಪಟ್ಟಿ, ಸಾಲು, ನಕ್ಷೆ, ವಿವರ. ಅದಕ್ಕಿಂತ ಹೆಚ್ಚು ಸದ್ಯಕ್ಕೆ ಬೇಡ.

ಹೊಸ್ತಿಲು ಬರೆದದ್ದು:

ಸರಳರೇಖೆ ಅವರ ಎರಡನೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅವರು ಹೆಸರಿಸಿದ ಐದು ಕಾಂಪೊನೆಂಟ್‌ಗಳು ಸರಿಯಾಗಿವೆ. ಮೊದಲ ಮಾತಿನ ಬಗ್ಗೆ ನನ್ನ ನಿಲುವು ಬದಲಾಗಿಲ್ಲ. ನಾನು ಹೇಳಿದ್ದು ಪದರಗಳ ಸರಣಿಯಲ್ಲ, ಒಂದು ಫಂಕ್ಷನ್. ಆ ಎಪಿಐ ನಮ್ಮ ಕೈಯಲ್ಲಿಲ್ಲ. ಅದರ ಆಕಾರವನ್ನು ನಿರ್ಧರಿಸುವವರು ಬೇರೆಯವರು, ಬದಲಿಸುವಾಗ ನಮ್ಮನ್ನು ಕೇಳುವವರೂ ಅಲ್ಲ. ನಮ್ಮ ಕೈಯಲ್ಲಿ ಇರುವ ಕೋಡ್ ಅನ್ನು ತಡವಾಗಿ ಬೇರ್ಪಡಿಸುವುದು ಜಾಣತನವಾದರೆ, ನಮ್ಮ ಕೈಯಲ್ಲಿ ಇಲ್ಲದ ಮಾಹಿತಿ ಒಳಬರುವ ಜಾಗದಲ್ಲಿ ಮೊದಲೇ ಗೆರೆ ಎಳೆಯುವುದು ಜಾಣತನ. ಹೊಸ ಗುಣವೊಂದನ್ನು ತೋರಿಸಲು ಇನ್ನೊಂದು ಕಡೆ ತಿದ್ದಬೇಕಾಗುವುದು ನಿಜ. ಹಾಗೆ ತಿದ್ದುವಾಗಲೇ ಈ ಗುಣ ಇಲ್ಲದಿದ್ದರೆ ಏನು ತೋರಿಸಬೇಕೆಂಬ ಪ್ರಶ್ನೆ ನಮ್ಮೆದುರು ಬರುತ್ತದೆ, ಅದೇ ಅದರ ಲಾಭ.

ಅಲೆಗಣ್ಣು ಬರೆದದ್ದು:

ಮಾಹಿತಿ ತರುವ ಕ್ರಿಯೆಯ ಬಗ್ಗೆಯೇ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಬ್ರೌಸರ್‌ನಲ್ಲಿ ಮಾಹಿತಿ ತರುವ ಫಂಕ್ಷನ್ ಆದ ಫೆಚ್ ಕೊಡುವ ಪ್ರಾಮಿಸ್ (ಮುಂದೆ ಬರಲಿರುವ ಉತ್ತರದ ಭರವಸೆ) ಜಾಲದ ಸಂಪರ್ಕವೇ ಸೋತಾಗ ಅಥವಾ ವಿನಂತಿ ರದ್ದಾದಾಗ ತಿರಸ್ಕೃತವಾಗುತ್ತದೆ. ಸರ್ವರ್ 404 (ಕೇಳಿದ್ದು ಇಲ್ಲ) ಎಂದರೂ 500 (ಸರ್ವರ್‌ನಲ್ಲೇ ದೋಷ) ಎಂದರೂ ಫೆಚ್‌ನ ದೃಷ್ಟಿಯಲ್ಲಿ ಅದು ಉತ್ತರ ಬಂದಂತೆಯೇ. ಉತ್ತರದ ಓಕೆ ಎಂಬ ಗುಣವನ್ನು ನೀವೇ ಪರೀಕ್ಷಿಸಿ, ಅದು ಫಾಲ್ಸ್ ಆಗಿದ್ದರೆ ನೀವೇ ಎರರ್ ಎಸೆಯಬೇಕು. ಇದನ್ನು ಬಿಟ್ಟವರ ಆ್ಯಪ್ ಎರರ್ ಪುಟದ ಎಚ್‌ಟಿಎಂಎಲ್ ಅನ್ನು ಜೇಸನ್ ಎಂದು ಓದಲು ಹೋಗಿ, ಅನಿರೀಕ್ಷಿತ ಅಕ್ಷರವೊಂದು ಸಿಕ್ಕಿತೆಂದು ದೂರುತ್ತದೆ. ನಿಜವಾದ ಕಾರಣ ಅದರ ಹಿಂದೆ ಮರೆಯಾಗುತ್ತದೆ.

ಸ್ಟೇಟ್ ಇಡುವ ರೀತಿಯೂ ಮುಖ್ಯ. ಲೋಡ್ ಆಗುತ್ತಿದೆ, ಎರರ್ ಇದೆ, ಮಾಹಿತಿ ಇದೆ ಎಂದು ಮೂರು ಪ್ರತ್ಯೇಕ ಸ್ಟೇಟ್‌ಗಳನ್ನು ಇಟ್ಟರೆ, ಲೋಡ್ ಆಗುತ್ತಲೂ ಇದೆ ಎರರ್ ಕೂಡ ಇದೆ ಎಂಬಂಥ ಅಸಂಭವ ಜೋಡಣೆಗಳು ಸಾಧ್ಯವಾಗುತ್ತವೆ. ಬದಲಾಗಿ ಸ್ಥಿತಿ ಎಂಬ ಒಂದೇ ಆಬ್ಜೆಕ್ಟ್ ಇರಲಿ. ಅದರ ಹೆಸರು ಕಾಯುತ್ತಿದೆ, ಬಂದಿದೆ, ಸೋತಿದೆ ಇವುಗಳಲ್ಲಿ ಒಂದಾಗಿರಲಿ. ಬಂದಿದೆ ಎಂದಾಗ ಮಾತ್ರ ಪಟ್ಟಿ, ಸೋತಿದೆ ಎಂದಾಗ ಮಾತ್ರ ಕಾರಣ ಅದರ ಜತೆ ಇರಲಿ. ಟೈಪ್‌ಸ್ಕ್ರಿಪ್ಟ್ ಬಳಸುವವರಾದರೆ, ಮಾಹಿತಿ ಬರುವ ಮೊದಲೇ ಪಟ್ಟಿಯನ್ನು ಮುಟ್ಟಲು ಹೋದ ಸಾಲನ್ನು ಕಂಪೈಲರ್ ಹಿಡಿದು ತೋರಿಸುತ್ತದೆ.

ಬಂದಿದೆ, ಆದರೆ ಪಟ್ಟಿ ಖಾಲಿ ಇದೆ ಎಂಬ ಸಂದರ್ಭವನ್ನು ಈ ಫೀಡ್‌ನಲ್ಲಿ ಅಪರೂಪವೆಂದು ತಳ್ಳಿಹಾಕಬೇಡಿ. ಕಳೆದ ಒಂದು ಗಂಟೆಯ ಮಹತ್ವದ ಕಂಪನಗಳ ಫೀಡ್ ಬಹುಪಾಲು ಸಮಯ ಖಾಲಿಯೇ ಇರುತ್ತದೆ, ಅದು ಒಳ್ಳೆಯ ಸುದ್ದಿಯೂ ಹೌದು. ಆಗ ಬರಿದಾದ ಬಿಳಿ ಜಾಗವನ್ನು ತೋರಿಸಿದರೆ ನೋಡುವವರು ಆ್ಯಪ್ ಕೆಟ್ಟಿದೆಯೆಂದು ತಿಳಿಯುತ್ತಾರೆ. ಈ ಅವಧಿಯಲ್ಲಿ ಅಂಥ ಕಂಪನ ದಾಖಲಾಗಿಲ್ಲ ಎಂದು ವಾಕ್ಯದಲ್ಲಿಯೇ ಹೇಳಬೇಕು.

ನೆಲನಕ್ಷೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ಕನ್ಸೋಲ್‌ನಲ್ಲಿ ನೋಡಿದೆ, ಹೊಸ್ತಿಲು ಅವರು ಹೇಳಿದ ಹಾಗೆ ತೀವ್ರತೆ ನಲ್ ಆಗಿದ್ದ ಒಂದು ದಾಖಲೆಯೇ ಬಿಳಿ ಪುಟದ ಕಾರಣ. ರೂಪಾಂತರದ ಫಂಕ್ಷನ್ ಸೇರಿಸಿದ ಮೇಲೆ ಆ ಸಾಲು ತೀವ್ರತೆ ತಿಳಿದಿಲ್ಲ ಎಂಬ ಬರಹದೊಂದಿಗೆ ಪಟ್ಟಿಯ ಕೊನೆಯಲ್ಲಿ ಕಾಣಿಸುತ್ತಿದೆ.

ಈಗ ಇನ್ನೊಂದು ಸಮಸ್ಯೆ. 30 ದಿನ ಆರಿಸಿ, ಅದು ಬರುವ ಮೊದಲೇ ಒಂದು ಗಂಟೆ ಆರಿಸಿದರೆ, ಮೊದಲು ಒಂದು ಗಂಟೆಯ ಚಿಕ್ಕ ಪಟ್ಟಿ ಕಾಣಿಸಿ, ಸ್ವಲ್ಪ ಹೊತ್ತಿಗೆ ಅದರ ಜಾಗದಲ್ಲಿ 30 ದಿನಗಳ ಉದ್ದ ಪಟ್ಟಿ ಬಂದು ನಿಲ್ಲುತ್ತದೆ. ಮೇಲಿನ ಆಯ್ಕೆ ಮಾತ್ರ ಒಂದು ಗಂಟೆ ಎಂದೇ ತೋರಿಸುತ್ತಿರುತ್ತದೆ. ಜತೆಗೆ, ಆ್ಯಪ್ ತೆರೆದಾಗಲೆಲ್ಲ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಒಂದೇ ವಿನಂತಿ ಎರಡು ಬಾರಿ ಹೋಗುತ್ತಿರುವುದು ಕಾಣುತ್ತದೆ. ಇವೆರಡಕ್ಕೂ ಸಂಬಂಧವಿದೆಯೇ?

ಅಲೆಗಣ್ಣು ಬರೆದದ್ದು:

ಸಂಬಂಧವಿದೆ, ಆದರೆ ನೀವು ಊಹಿಸಿದ ರೀತಿಯಲ್ಲಿ ಅಲ್ಲ. ಮೊದಲನೆಯದು ನಿಜವಾದ ದೋಷ, ಎರಡನೆಯದು ಆ ದೋಷವನ್ನು ಎತ್ತಿ ತೋರಿಸಲೆಂದೇ ರಿಯಾಕ್ಟ್ ಮಾಡಿರುವ ಏರ್ಪಾಡು.

ವಿನಂತಿಗಳು ಹೋದ ಕ್ರಮದಲ್ಲಿಯೇ ಉತ್ತರಗಳು ಬರುತ್ತವೆಂಬ ಖಾತರಿಯನ್ನು ಜಾಲ ಕೊಡುವುದಿಲ್ಲ. ದೊಡ್ಡ ಫೈಲ್ ಆದ 30 ದಿನಗಳ ಫೀಡ್ ನಿಧಾನವಾಗಿ ಬರುತ್ತದೆ, ಒಂದು ಗಂಟೆಯದು ಬೇಗ ಬರುತ್ತದೆ. ನಿಮ್ಮ ಯೂಸ್‌ಎಫೆಕ್ಟ್‌ನ (ರೆಂಡರ್ ಆದ ಮೇಲೆ ರಿಯಾಕ್ಟ್ ಓಡಿಸುವ ಎಫೆಕ್ಟ್) ಒಳಗಿನ ಕೋಡ್, ಉತ್ತರ ಯಾವಾಗ ಬಂದರೂ ಸರಿ, ಅದನ್ನು ಸ್ಟೇಟ್‌ಗೆ ಬರೆಯುತ್ತದೆ. ಆದ್ದರಿಂದ ಕೊನೆಗೆ ಬಂದದ್ದು ಗೆಲ್ಲುತ್ತದೆ, ಕೊನೆಗೆ ಕೇಳಿದ್ದು ಗೆಲ್ಲುವುದಿಲ್ಲ. ಪರಿಹಾರವಿರುವುದು ಎಫೆಕ್ಟ್ ಹಿಂದಿರುಗಿಸುವ ಕ್ಲೀನಪ್ ಫಂಕ್ಷನ್‌ನಲ್ಲಿ. ಅವಧಿ ಬದಲಾದಾಗ ರಿಯಾಕ್ಟ್ ಹಳೆಯ ಎಫೆಕ್ಟ್‌ನ ಕ್ಲೀನಪ್ ಅನ್ನು ಕರೆದ ನಂತರವೇ ಹೊಸದನ್ನು ಓಡಿಸುತ್ತದೆ. ಎಫೆಕ್ಟ್‌ನ ಆರಂಭದಲ್ಲಿ, ವಿನಂತಿಯನ್ನು ರದ್ದು ಮಾಡಬಲ್ಲ ಒಂದು ಅಬಾರ್ಟ್‌ಕಂಟ್ರೋಲರ್ ಮಾಡಿ, ಅದರ ಸಿಗ್ನಲ್ ಅನ್ನು ಫೆಚ್‌ಗೆ ಕೊಟ್ಟು, ಕ್ಲೀನಪ್‌ನಲ್ಲಿ ಅಬಾರ್ಟ್ ಕರೆಯಿರಿ. ಹಳೆಯ ವಿನಂತಿ ಅಲ್ಲಿಗೆ ರದ್ದಾಗುತ್ತದೆ, ಬೇಡದ ದೊಡ್ಡ ಫೈಲ್ ಇಳಿಯುವುದೂ ನಿಲ್ಲುತ್ತದೆ. ರದ್ದಾದ ಫೆಚ್ ಅಬಾರ್ಟ್‌ಎರರ್ ಎಂಬ ಹೆಸರಿನ ಎರರ್‌ನೊಂದಿಗೆ ತಿರಸ್ಕೃತವಾಗುವುದರಿಂದ, ಆ ಹೆಸರಿನದನ್ನು ಬಳಕೆದಾರರಿಗೆ ತೋರಿಸದೆ ಬಿಡಬೇಕು. ಇಲ್ಲವಾದರೆ ಪ್ರತಿ ಬಾರಿ ಅವಧಿ ಬದಲಿಸಿದಾಗಲೂ ಸೋತಿದೆ ಎಂಬ ಸಂದೇಶ ಮಿಂಚಿ ಮರೆಯಾಗುತ್ತದೆ.

ಎರಡು ಬಾರಿ ಹೋಗುವ ವಿನಂತಿಗೆ ಕಾರಣ ದೋಷಗಳನ್ನು ಹುಡುಕಲು ರಿಯಾಕ್ಟ್‌ನಲ್ಲಿರುವ ಸ್ಟ್ರಿಕ್ಟ್ ಮೋಡ್. 2022ರಲ್ಲಿ ಬಂದ ರಿಯಾಕ್ಟ್ 18ರಿಂದ, ಅಭಿವೃದ್ಧಿಯ ಸಮಯದಲ್ಲಿ ಮಾತ್ರ, ಪ್ರತಿ ಕಾಂಪೊನೆಂಟ್ ಮೊದಲ ಬಾರಿ ಸೇರಿದಾಗ ಅದರ ಎಫೆಕ್ಟ್ ಅನ್ನು ಓಡಿಸಿ, ಕ್ಲೀನಪ್ ಮಾಡಿ, ಮತ್ತೆ ಓಡಿಸಲಾಗುತ್ತದೆ. ಕ್ಲೀನಪ್ ಸರಿಯಾಗಿದ್ದರೆ ಇದರಿಂದ ಏನೂ ಕೆಡುವುದಿಲ್ಲ. ಮೊದಲ ವಿನಂತಿ ರದ್ದಾಗಿರುವುದು ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕಾಣುತ್ತದೆ, ಅಷ್ಟೇ. ಇದರ ಕಿರಿಕಿರಿಗೆ ಸ್ಟ್ರಿಕ್ಟ್ ಮೋಡ್ ಅನ್ನೇ ತೆಗೆದುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ತೋರಿಸುತ್ತಿರುವ ದೋಷ, ಅದನ್ನು ತೆಗೆದ ಮೇಲೆಯೂ ಅಲ್ಲಿಯೇ ಇರುತ್ತದೆ.

ಸರಳರೇಖೆ ಬರೆದದ್ದು:

ಇಷ್ಟೆಲ್ಲ ಕೈಯಿಂದ ಬರೆಯುವ ಬದಲು, ಮಾಹಿತಿಯನ್ನು ತಂದು ಉಳಿಸಿಕೊಳ್ಳುವ ಟ್ಯಾನ್‌ಸ್ಟ್ಯಾಕ್ ಕ್ವೆರಿಯಂಥ ಲೈಬ್ರರಿಯನ್ನು ಈ ಹಂತದಲ್ಲಿ ಬಳಸುವುದು ಸರಿಯೆಂಬುದು ನನ್ನ ಅಭಿಪ್ರಾಯ. ಪದರಗಳು ಬೇಡವೆಂದವನೇ ಲೈಬ್ರರಿ ಬೇಕೆನ್ನುವುದು ವಿರೋಧಾಭಾಸದಂತೆ ಕಾಣಬಹುದು. ಆದರೆ ನೆಲನಕ್ಷೆ ಅವರು ಈಗ ತೊಂದರೆಯನ್ನು ಕಣ್ಣಾರೆ ಕಂಡಿದ್ದಾರೆ, ಲೈಬ್ರರಿ ತಮಗಾಗಿ ಏನು ಮಾಡುತ್ತಿದೆಯೆಂದು ಅವರಿಗೆ ಅರ್ಥವಾಗುತ್ತದೆ. ಅವಧಿಯನ್ನೂ ತೀವ್ರತೆಯ ವಿಭಾಗವನ್ನೂ ಕ್ವೆರಿ ಕೀಯ (ಪ್ರತಿ ಉತ್ತರವನ್ನು ಗುರುತಿಸುವ ಹೆಸರು) ಒಳಗೆ ಸೇರಿಸಿದರೆ ಒಂದೊಂದು ಜೋಡಣೆಯ ಉತ್ತರವೂ ಬೇರೆ ಬೇರೆಯಾಗಿ ಕ್ಯಾಶ್ ಆಗುತ್ತದೆ, ಎಂದರೆ ಮರುಬಳಕೆಗೆ ಉಳಿಯುತ್ತದೆ. ಹಳೆಯ ಉತ್ತರ ಹೊಸ ಆಯ್ಕೆಯ ಮೇಲೆ ಬಂದು ಕೂರುವ ಪ್ರಶ್ನೆಯೇ ಇರುವುದಿಲ್ಲ. ಒಂದು ದಿನಕ್ಕೆ ಹಿಂದಿರುಗಿದಾಗ ಹಿಂದೆ ತಂದದ್ದು ತಕ್ಷಣ ಕಾಣುತ್ತದೆ.

ಹೊಸ್ತಿಲು ಬರೆದದ್ದು:

ಒಪ್ಪಿದೆ, ಎರಡು ಎಚ್ಚರಿಕೆಗಳೊಂದಿಗೆ. ಕೊಟ್ಟ ಫಂಕ್ಷನ್ ಎರರ್ ಎಸೆದರೆ ಮಾತ್ರ ಲೈಬ್ರರಿಗೆ ಸೋಲು ತಿಳಿಯುತ್ತದೆ. ಅಲೆಗಣ್ಣು ಅವರು ಹೇಳಿದ ಓಕೆ ಪರೀಕ್ಷೆಯನ್ನು ಬಿಟ್ಟರೆ ಲೈಬ್ರರಿಯೂ 404 ಅನ್ನು ಯಶಸ್ಸೆಂದೇ ತಿಳಿಯಬಹುದು. ರೂಪಾಂತರದ ಫಂಕ್ಷನ್‌ನ ಜಾಗವೂ ಅಲ್ಲಿಯೇ: ಉತ್ತರವನ್ನು ಪರೀಕ್ಷಿಸಿ, ಜೇಸನ್ ಓದಿ, ರೂಪಾಂತರಿಸಿದ್ದನ್ನು ಹಿಂದಿರುಗಿಸಿ. ಲೈಬ್ರರಿ ಸಮಯವನ್ನು ನಿಭಾಯಿಸುತ್ತದೆ, ಆಕಾರವನ್ನು ನಿಭಾಯಿಸುವುದು ನಮ್ಮ ಕೆಲಸವಾಗಿಯೇ ಉಳಿಯುತ್ತದೆ.

ಎರಡನೆಯದು, ಇದರ ಸ್ಟೇಲ್‌ಟೈಮ್ ಹೇಳದಿದ್ದರೆ ಸೊನ್ನೆ. ಎಂದರೆ ತಂದ ಕ್ಷಣವೇ ಮಾಹಿತಿ ಹಳೆಯದೆಂದು ಗುರುತಾಗಿ, ಬಳಕೆದಾರರು ಬೇರೆ ಟ್ಯಾಬ್‌ಗೆ ಹೋಗಿ ಬಂದಾಗಲೆಲ್ಲ ಹೊಸ ವಿನಂತಿ ಹೋಗುತ್ತದೆ. ಯುಎಸ್‌ಜಿಎಸ್ ಈ ಫೀಡ್‌ಗಳನ್ನು ನಿಮಿಷಕ್ಕೊಮ್ಮೆ ನವೀಕರಿಸುತ್ತದೆ. ಅದಕ್ಕಿಂತ ಪದೇ ಪದೇ ಕೇಳುವುದರಿಂದ ಹೊಸದೇನೂ ಸಿಗುವುದಿಲ್ಲ. ಸ್ಟೇಲ್‌ಟೈಮ್ ಅನ್ನು ಕನಿಷ್ಠ ಒಂದು ನಿಮಿಷಕ್ಕೆ ಇಡಿ. ಉಚಿತವಾಗಿ ಎಲ್ಲರಿಗೂ ತೆರೆದಿಟ್ಟ ಸೇವೆಯ ಮೇಲೆ ಅನಗತ್ಯ ಹೊರೆ ಹಾಕದಿರುವುದು ಅದನ್ನು ಬಳಸುವವರೆಲ್ಲರ ಕರ್ತವ್ಯ. ಬೇರೆ ಎಪಿಐಗಳಲ್ಲಿ ಮಿತಿ ಮೀರಿದರೆ 429 ಎಂಬ ಉತ್ತರ ಬರುತ್ತದೆ, ಜತೆಗೆ ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಹೊತ್ತು ಕಾಯಬೇಕು. ಸೋತ ವಿನಂತಿಯನ್ನು ಈ ಲೈಬ್ರರಿ ತಾನಾಗಿಯೇ ಮೂರು ಬಾರಿ ಮರುಪ್ರಯತ್ನಿಸುತ್ತದೆಂಬುದು ಆಗ ನೆನಪಿರಬೇಕು.

ಕೀಲಿಮಣೆ ಬರೆದದ್ದು:

ಈ ಚರ್ಚೆಯನ್ನು ಓದಿ ಬೇರೆ ಎಪಿಐ ಬಳಸಲು ಹೊರಡುವವರಿಗಾಗಿ ಎರಡು ಮಾತು. ಈ ಫೀಡ್ ಯಾವ ಮೂಲದ ಪುಟ ಬೇಕಾದರೂ ಓದಬಹುದೆಂಬ ಹೆಡರ್ ಕಳುಹಿಸುವುದರಿಂದ ನೆಲನಕ್ಷೆ ಅವರಿಗೆ ಸಿಒಆರ್‌ಎಸ್ (ಕಾರ್ಸ್) ಎರರ್, ಎಂದರೆ ಬೇರೆ ಮೂಲದ ಉತ್ತರವನ್ನು ಪುಟ ಓದದಂತೆ ಬ್ರೌಸರ್ ತಡೆಯುವ ಎರರ್, ಎದುರಾಗಿಲ್ಲ. ಎಲ್ಲ ಎಪಿಐಗಳೂ ಹಾಗಿರುವುದಿಲ್ಲ. ಆ ಅನುಮತಿಯನ್ನು ಕೊಡಬೇಕಾದದ್ದು ಎದುರಿನ ಸರ್ವರ್. ನಿಮ್ಮ ಕಾಂಪೊನೆಂಟ್‌ನಲ್ಲಿ ಏನು ಬರೆದರೂ ಅದು ಸಿಗುವುದಿಲ್ಲ. ಫೆಚ್‌ಗೆ ನೋ-ಕಾರ್ಸ್ ಎಂಬ ಮೋಡ್ ಕೊಟ್ಟರೆ ಎರರ್ ಹೋಗುತ್ತದೆ ನಿಜ, ಆದರೆ ಬಂದ ಉತ್ತರದ ಒಳಗನ್ನು ಓದಲು ಬ್ರೌಸರ್ ಬಿಡುವುದಿಲ್ಲವಾದ್ದರಿಂದ ಅದರಿಂದ ಪ್ರಯೋಜನವಿಲ್ಲ. ನಿಮ್ಮದೇ ಚಿಕ್ಕ ಸರ್ವರ್ ಒಂದನ್ನು ಮಧ್ಯೆ ಇಡಬೇಕಾಗುತ್ತದೆ.

ಎಪಿಐ ಕೀ ಬೇಕಾದಾಗಲೂ ಅದೇ ದಾರಿ. ಆ್ಯಪ್ ಅನ್ನು ಬಿಲ್ಡ್ ಮಾಡುವ ವೀಟ್ ಎಂಬ ಸಾಧನದಲ್ಲಿ ಎನ್‌ವಿ ಫೈಲ್‌ಗೆ (ಸೆಟ್ಟಿಂಗ್‌ಗಳ ಫೈಲ್) ಬರೆದು, ವೀಟ್ ಎಂಬ ಪೂರ್ವಪದ ಹಚ್ಚಿದ ಕೀ ಗುಟ್ಟಾಗಿರುತ್ತದೆಂದು ಹಲವರು ನಂಬಿದ್ದಾರೆ. ಆ ಪೂರ್ವಪದದ ಅರ್ಥವೇ ಇದನ್ನು ಬ್ರೌಸರ್‌ಗೆ ಕಳುಹಿಸು ಎಂದು. ಬಿಲ್ಡ್ ಆದ ಫೈಲ್‌ನಲ್ಲಿ ಕೀ ಬರೆದಿಟ್ಟ ಹಾಗೆಯೇ ಇರುತ್ತದೆ, ಯಾರು ಬೇಕಾದರೂ ಓದಬಹುದು. ಹಣ ಕೊಟ್ಟು ಪಡೆದ ಕೀ ಆಗಿದ್ದರೆ ಬ್ರೌಸರ್‌ನಲ್ಲಿ ಇಡಲೇಬೇಡಿ.

ತಿಳಿಗನ್ನಡಿ ಬರೆದದ್ದು:

ಮಾಹಿತಿ ಒಳಗೆ ಬರುವ ಕಡೆಯನ್ನು ಎಲ್ಲರೂ ಚೆನ್ನಾಗಿ ಚರ್ಚಿಸಿದ್ದೀರಿ. ಅದು ಓದುಗರ ಮುಂದೆ ಹೋಗುವ ಕಡೆಯೂ ಅಷ್ಟೇ ಕಾಳಜಿ ಬೇಡುತ್ತದೆ.

ಫೀಡ್‌ನಲ್ಲಿ ಸಮಯ ಇರುವುದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳಲ್ಲಿ, ಯುಟಿಸಿ ಪ್ರಕಾರ. ಅದನ್ನು ತೋರಿಸಲು ಬೇರೆ ಲೈಬ್ರರಿ ಬೇಕಿಲ್ಲ. ದಿನಾಂಕ, ಸಂಖ್ಯೆಗಳನ್ನು ಆಯಾ ಭಾಷೆಯಲ್ಲಿ ಬರೆಯಲು ಬ್ರೌಸರ್‌ನಲ್ಲಿಯೇ ಇರುವ ಇಂಟ್ಲ್‌ಗೆ ಕನ್ನಡದ ಭಾಷಾಸಂಕೇತ ಕೊಟ್ಟರೆ ತಿಂಗಳ ಹೆಸರುಗಳು ಕನ್ನಡದಲ್ಲಿ ಬರುತ್ತವೆ, ರಿಲೇಟಿವ್‌ಟೈಮ್‌ಫಾರ್ಮ್ಯಾಟ್ ಬಳಸಿದರೆ 5 ನಿಮಿಷಗಳ ಹಿಂದೆ ಎಂಬಂಥ ಪದಗುಚ್ಛವೂ ಸಿಗುತ್ತದೆ. ಆದರೆ ಈ ಪದಗುಚ್ಛವನ್ನು ರೂಪಾಂತರದ ಫಂಕ್ಷನ್‌ನಲ್ಲಿ ತಯಾರಿಸಿ ಆಬ್ಜೆಕ್ಟ್‌ನಲ್ಲಿ ಇಡಬೇಡಿ. ಹಾಗಿಟ್ಟರೆ ಪುಟ ಅರ್ಧ ಗಂಟೆ ತೆರೆದಿದ್ದರೂ ಅದು 5 ನಿಮಿಷಗಳ ಹಿಂದೆ ಎಂದೇ ಹೇಳುತ್ತಿರುತ್ತದೆ. ಆಬ್ಜೆಕ್ಟ್‌ನಲ್ಲಿ ಮೂಲ ಸಮಯವಿರಲಿ, ಪದಗುಚ್ಛ ರೆಂಡರ್ ಆಗುವಾಗ ಹುಟ್ಟಲಿ. ಫೀಡ್‌ನ ಮೆಟಾಡೇಟಾದಲ್ಲಿ ಜನರೇಟೆಡ್ ಎಂಬ ಸಮಯವಿದೆ. ಮಾಹಿತಿ ಯಾವಾಗಿನದು ಎಂದು ಪುಟದ ಮೇಲ್ಭಾಗದಲ್ಲಿ ಅದರಿಂದಲೇ ತೋರಿಸಿ.

ತೀವ್ರತೆಯನ್ನು ಬಣ್ಣದಿಂದ ಮಾತ್ರ ಸೂಚಿಸಬೇಡಿ, ಸಂಖ್ಯೆಯೂ ಜತೆಗಿರಲಿ. ಕೆಂಪು ಹಸಿರುಗಳ ವ್ಯತ್ಯಾಸ ಎಲ್ಲರ ಕಣ್ಣಿಗೂ ಒಂದೇ ಅಲ್ಲ. ಪಟ್ಟಿ ಬದಲಾದಾಗ ಎಷ್ಟು ಕಂಪನಗಳು ಸಿಕ್ಕವೆಂಬ ವಾಕ್ಯವನ್ನು ಸ್ಟೇಟಸ್ ಎಂಬ ರೋಲ್ ಇರುವ ಜಾಗದಲ್ಲಿ ಬರೆದರೆ ಸ್ಕ್ರೀನ್ ರೀಡರ್ ಬಳಸುವವರಿಗೂ ಬದಲಾವಣೆ ತಿಳಿಯುತ್ತದೆ. ಸಾಲುಗಳನ್ನು ಒತ್ತುವಂತೆ ಮಾಡಲು ಡಿವ್‌ಗೆ ಆನ್‌ಕ್ಲಿಕ್ ಹಚ್ಚದೆ ನಿಜವಾದ ಬಟನ್ ಬಳಸಿ, ಕೀಬೋರ್ಡ್‌ನಿಂದ ತಲುಪಲು ಆಗ ಬೇರೇನೂ ಮಾಡಬೇಕಿಲ್ಲ. ನಕ್ಷೆಯ ವೃತ್ತಗಳ ಬಗ್ಗೆ ಒಂದು ಮಾತು: ತೀವ್ರತೆಯ ಮಾಪನ ಲಾಗರಿದಮಿಕ್ ಆದದ್ದು, ಒಂದು ಅಂಕ ಹೆಚ್ಚಾದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. 6ರ ವೃತ್ತ 3ರ ವೃತ್ತದ ಎರಡರಷ್ಟೇ ಇದ್ದರೆ ನೋಡುವವರಿಗೆ ಸುಳ್ಳು ಹೇಳಿದಂತಾಗುತ್ತದೆ. ವೃತ್ತಗಳನ್ನು ಹಂತಹಂತವಾಗಿ ದೊಡ್ಡದು ಮಾಡಿ, ಪಕ್ಕದಲ್ಲಿ ಅದರ ವಿವರಣೆ ಕೊಡಿ.

ನೆಲನಕ್ಷೆ ಬರೆದದ್ದು:

ಈಗ ಆ್ಯಪ್ ಈ ರೂಪಕ್ಕೆ ಬಂದಿದೆ. ಪುಟದ ಕಾಂಪೊನೆಂಟ್ ಮಾಹಿತಿಯನ್ನು ತರುತ್ತದೆ. ಅವಧಿ, ವಿಭಾಗ, ಆರಿಸಿದ ಕಂಪನ ಈ ಮೂರು ಸ್ಟೇಟ್‌ಗಳೂ ಅಲ್ಲಿಯೇ ಇವೆ. ಆಯ್ಕೆಪಟ್ಟಿ, ಪಟ್ಟಿ, ಸಾಲು, ನಕ್ಷೆ, ವಿವರ ಪ್ರಾಪ್ಸ್ ಮೂಲಕ ಬಂದದ್ದನ್ನು ತೋರಿಸುತ್ತವೆ. ಕಲ್ಲುಗಣಿಯ ಸ್ಫೋಟಗಳನ್ನು ಬೇಕಾದವರು ಮರೆಮಾಡಬಹುದೆಂಬ ಆಯ್ಕೆಯನ್ನೂ ಸೇರಿಸಿದ್ದೇನೆ. ಸೋಸಿದ ಪಟ್ಟಿಯನ್ನು ಇನ್ನೊಂದು ಸ್ಟೇಟ್‌ನಲ್ಲಿ ಇಡಬೇಕೇ ಎಂಬುದು ಒಂದು ಪ್ರಶ್ನೆ. ಮತ್ತೊಂದು, ಯಾವುದೋ ಕಂಪನದ ವಿವರ ತೆರೆದಿರುವಾಗ ಫೀಡ್ ನವೀಕರಣಗೊಂಡರೆ ಪಟ್ಟಿಯಲ್ಲಿ ತೀವ್ರತೆ ಬದಲಾಗುತ್ತದೆ, ವಿವರದಲ್ಲಿ ಹಳೆಯದೇ ಉಳಿಯುತ್ತದೆ.

ಹೊಸ್ತಿಲು ಬರೆದದ್ದು:

ನಿಮ್ಮ ಎರಡು ಪ್ರಶ್ನೆಗಳಿಗೂ ಒಂದೇ ಬೇರು: ಲೆಕ್ಕ ಹಾಕಿ ಪಡೆಯಬಹುದಾದದ್ದನ್ನು ಸ್ಟೇಟ್‌ನಲ್ಲಿ ಇಡಬಾರದು. ಸೋಸಿದ ಪಟ್ಟಿಯೆಂದರೆ ಬಂದ ಪಟ್ಟಿ ಮತ್ತು ಆಯ್ಕೆ ಇವೆರಡರ ಫಲ. ರೆಂಡರ್ ಆಗುವಾಗ ಫಿಲ್ಟರ್ ಮಾಡಿದರೆ ಸಾಕು, ಕೆಲವು ಸಾವಿರ ದಾಖಲೆಗಳಿಗೆ ಆ ಲೆಕ್ಕ ಭಾರವಲ್ಲ. ಭಾರವಾಗುವುದು ಅಷ್ಟೂ ಸಾಲುಗಳನ್ನು ಪುಟದಲ್ಲಿ ಒಟ್ಟಿಗೆ ಇಡುವುದು. 30 ದಿನಗಳ ಪಟ್ಟಿ ಎಳೆದಾಡುತ್ತಿದ್ದರೆ ಕಣ್ಣಿಗೆ ಕಾಣುವಷ್ಟನ್ನೇ ರೆಂಡರ್ ಮಾಡುವ ವರ್ಚುವಲೈಸೇಶನ್ ಬಳಸಿ.

ಆರಿಸಿದ ಕಂಪನದ ಆಬ್ಜೆಕ್ಟ್ ಅನ್ನು ಸ್ಟೇಟ್‌ನಲ್ಲಿ ಇಟ್ಟದ್ದರಿಂದಲೇ ನಿಮಗೆ ಎರಡನೆಯ ಸಮಸ್ಯೆ ಬಂದಿದೆ. ಅಲ್ಲಿರುವುದು ಆ ಕ್ಷಣದ ಪ್ರತಿ. ಮೊದಲು ಸ್ವಯಂಚಾಲಿತವಾಗಿ ಲೆಕ್ಕ ಹಾಕಿದ ತೀವ್ರತೆಯನ್ನು ಆಮೇಲೆ ವಿಜ್ಞಾನಿಗಳು ಪರಿಶೀಲಿಸಿ ತಿದ್ದುತ್ತಾರೆ, ಆಟೊಮ್ಯಾಟಿಕ್ ಎಂದಿದ್ದ ಸ್ಟೇಟಸ್ ರಿವ್ಯೂಡ್ ಆಗುತ್ತದೆ. ಈ ಫೀಡ್‌ನಲ್ಲಿ ಅದು ನಿತ್ಯದ ಸಂಗತಿ. ಆದ್ದರಿಂದ ಸ್ಟೇಟ್‌ನಲ್ಲಿ ಐಡಿಯನ್ನು ಮಾತ್ರ ಇಟ್ಟು, ಆಬ್ಜೆಕ್ಟ್ ಅನ್ನು ಪ್ರತಿ ಬಾರಿ ಪಟ್ಟಿಯಿಂದ ಹುಡುಕಿ ತೆಗೆಯಿರಿ. ಹುಡುಕಿದಾಗ ಸಿಗದಿರುವುದೂ ಉಂಟು: ಒಂದು ಗಂಟೆ ದಾಟಿ ಆ ಕಂಪನ ಫೀಡ್‌ನಿಂದ ಹೊರಗೆ ಹೋಗಿರಬಹುದು, ಅಥವಾ ಅದರ ಮುಖ್ಯ ಐಡಿಯೇ ಬದಲಾಗಿರಬಹುದು. ಒಂದೇ ಕಂಪನವನ್ನು ಹಲವು ಜಾಲಗಳು ವರದಿ ಮಾಡುವುದರಿಂದ ಐಡಿಎಸ್ ಎಂಬ ಗುಣದಲ್ಲಿ ಎಲ್ಲ ಐಡಿಗಳನ್ನೂ ಅಲ್ಪವಿರಾಮಗಳ ನಡುವೆ ಕೊಟ್ಟಿರುತ್ತಾರೆ. ರೂಪಾಂತರದ ಫಂಕ್ಷನ್‌ನಲ್ಲಿ ಅದನ್ನು ಪಟ್ಟಿಯಾಗಿ ಒಡೆದಿಟ್ಟುಕೊಂಡರೆ ಮುಖ್ಯ ಐಡಿ ಬದಲಾದರೂ ಹುಡುಕಿದ್ದು ಸಿಗುತ್ತದೆ. ಸಾಲುಗಳ ಕೀಗೂ ಐಡಿಯನ್ನೇ ಕೊಡಿ, ಸೂಚ್ಯಂಕವನ್ನಲ್ಲ. ಹೊಸ ಕಂಪನಗಳು ಪಟ್ಟಿಯ ಮೇಲ್ತುದಿಯಲ್ಲಿ ಸೇರುವುದರಿಂದ ಸೂಚ್ಯಂಕ ಬಳಸಿದರೆ ಪ್ರತಿ ಸಾಲಿನ ಗುರುತೂ ಒಂದೊಂದು ಸ್ಥಾನ ಕೆಳಗೆ ಜಾರುತ್ತದೆ.

ಅವಧಿ ಮತ್ತು ವಿಭಾಗಗಳನ್ನು ಯುಆರ್‌ಎಲ್‌ನ ಪ್ರಶ್ನಾಭಾಗದಲ್ಲಿ ಇಡುವುದನ್ನು ಪರಿಗಣಿಸಿ. ಪುಟವನ್ನು ಮರುಲೋಡ್ ಮಾಡಿದಾಗ ಆಯ್ಕೆ ಉಳಿಯುತ್ತದೆ, ತಾವು ನೋಡುತ್ತಿರುವುದನ್ನು ಇನ್ನೊಬ್ಬರಿಗೆ ಕೊಂಡಿಯಾಗಿ ಕಳುಹಿಸಬಹುದು. ಆದರೆ ಯುಆರ್‌ಎಲ್ ಕೂಡ ಹೊರಗಿನಿಂದ ಬರುವ ಮಾಹಿತಿಯೇ. ಯಾರೋ ಏನನ್ನೋ ತಿದ್ದಿ ಕಳುಹಿಸಿರಬಹುದು. ಗೊತ್ತಿರುವ ನಾಲ್ಕು ಅವಧಿ, ಐದು ವಿಭಾಗಗಳಲ್ಲಿ ಒಂದಲ್ಲದಿದ್ದರೆ ಒಂದು ದಿನ, ಎಲ್ಲ ಕಂಪನಗಳು ಎಂದು ತೆಗೆದುಕೊಳ್ಳಿ.

ನೆಲನಕ್ಷೆ ಬರೆದದ್ದು:

ಐಡಿಗೆ ಬದಲಿಸಿದೆ, ವಿವರವೂ ಈಗ ಪಟ್ಟಿಯ ಜತೆಗೇ ನವೀಕರಣವಾಗುತ್ತಿದೆ. ಟೆಸ್ಟ್‌ಗಳನ್ನು ಎಲ್ಲಿಂದ ಆರಂಭಿಸಲಿ? ನಿಜವಾದ ಫೀಡ್ ನಿಮಿಷಕ್ಕೊಮ್ಮೆ ಬದಲಾಗುವುದರಿಂದ ಅದರ ಮೇಲೆ ಟೆಸ್ಟ್ ಬರೆಯಲಾಗುವುದಿಲ್ಲ.

ಅಲೆಗಣ್ಣು ಬರೆದದ್ದು:

ರೂಪಾಂತರದ ಫಂಕ್ಷನ್‌ನಿಂದ ಆರಂಭಿಸಿ. ಅದಕ್ಕೆ ಬ್ರೌಸರ್ ಬೇಡ, ರಿಯಾಕ್ಟ್ ಬೇಡ, ಜಾಲವೂ ಬೇಡ. ಫೀಡ್‌ನ ಒಂದು ಉತ್ತರವನ್ನು ಫೈಲ್ ಆಗಿ ಉಳಿಸಿಕೊಂಡು, ಅದನ್ನು ಕೆಲವೇ ದಾಖಲೆಗಳಿಗೆ ಕತ್ತರಿಸಿ: ಸಾಮಾನ್ಯವಾದದ್ದೊಂದು, ತೀವ್ರತೆ ನಲ್ ಇರುವುದೊಂದು, ಋಣಸಂಖ್ಯೆಯದೊಂದು, ಕಲ್ಲುಗಣಿ ಸ್ಫೋಟವೊಂದು, ಸ್ಥಳದ ಹೆಸರಿಲ್ಲದ್ದೊಂದು. ಒಂದೂ ದಾಖಲೆಯಿಲ್ಲದ ಉತ್ತರಕ್ಕೆ ಬೇರೆ ಫೈಲ್ ಇರಲಿ. ಕಾಂಪೊನೆಂಟ್‌ಗಳನ್ನು ಪರೀಕ್ಷಿಸುವಾಗ, ವಿನಂತಿಗಳನ್ನು ತಡೆದು ನಕಲಿ ಉತ್ತರ ಕೊಡುವ ಮಾಕ್ ಸರ್ವಿಸ್ ವರ್ಕರ್ ಎಂಬ ಲೈಬ್ರರಿಯಿಂದ ಇದೇ ಫೈಲ್‌ಗಳನ್ನು ಉತ್ತರವಾಗಿ ಕೊಡಿಸಿ, ಜತೆಗೆ 500 ಉತ್ತರವೊಂದನ್ನೂ, ಬೇಕೆಂದೇ ತಡಮಾಡಿದ ಉತ್ತರವೊಂದನ್ನೂ ಸೇರಿಸಿ. 30 ದಿನ ಆರಿಸಿ ಕೂಡಲೇ ಒಂದು ಗಂಟೆಗೆ ಬದಲಿಸಿದಾಗ ಪಟ್ಟಿಯಲ್ಲಿ ಒಂದು ಗಂಟೆಯದೇ ಉಳಿಯಬೇಕೆಂಬ ಟೆಸ್ಟ್ ಅನ್ನು ತಡಮಾಡಿದ ಆ ಉತ್ತರದಿಂದಲೇ ಬರೆಯಬಹುದು. ಮುಂದೆ ಫೀಡ್‌ನಲ್ಲಿ ನಿರೀಕ್ಷಿಸದ ದಾಖಲೆಯೊಂದು ಸಿಕ್ಕಾಗ, ಕೋಡ್ ತಿದ್ದುವ ಮೊದಲು ಆ ದಾಖಲೆಯನ್ನು ಮಾದರಿ ಫೈಲ್‌ಗೆ ಸೇರಿಸಿ, ಟೆಸ್ಟ್ ಸೋಲುವುದನ್ನು ನೋಡಿ, ಆಮೇಲೆ ರೂಪಾಂತರದ ಫಂಕ್ಷನ್ ತಿದ್ದಿ.